ಮೀನಿನ ತೊಟ್ಟಿಗೆ ಅಳತೆ ಕೊಡುವ ಮುನ್ನ

ಹೊಸ ಮನೆ ಕಟ್ಟಿಸಿದಾಗ ಅಥವಾ ಇದ್ದ ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಹಾಲ್‌ನ ಒಂದು ಮೂಲೆ ಖಾಲಿ ಖಾಲಿ ಕಾಣತೊಡಗುತ್ತದೆ. ಅಲ್ಲಿ ಏನಿಡುವುದು ಎಂಬ ಚರ್ಚೆ ಶುರುವಾಗುತ್ತದೆ. ಮಕ್ಕಳು ಒಕ್ಕೊರಲಿನಿಂದ “ಮೀನಿನ ಟ್ಯಾಂಕ್” ಎನ್ನುತ್ತಾರೆ. ಯಜಮಾನರಿಗೂ ಅದು ಒಪ್ಪಿಗೆಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಟ್ಯಾಂಕ್‌ಗಳಲ್ಲಿ ಒಂದು ತೀರಾ ಚಿಕ್ಕದು, ಇನ್ನೊಂದು ಆ ಮೂಲೆಗೆ ಉದ್ದವಾಯಿತು. “ಅಳತೆ ಕೊಟ್ಟರೆ ನಿಮಗೆ ಬೇಕಾದ ಹಾಗೆ ಮಾಡಿಕೊಡುವವರಿದ್ದಾರೆ” ಎಂದು ಯಾರೋ ಹೇಳುತ್ತಾರೆ. ಒಂದು ಭಾನುವಾರ ಅಪ್ಪ-ಮಕ್ಕಳು ಹೋಗಿ ಅಳತೆ ಹೇಳಿ, ಮುಂಗಡ ಕೊಟ್ಟು ಬರುತ್ತಾರೆ. ನೀವು ಅಡುಗೆ ಮನೆಯಲ್ಲಿ ಇರುತ್ತೀರಿ.

ಟ್ಯಾಂಕ್ ಬಂದ ಮೊದಲ ತಿಂಗಳು ಮನೆಯವರೆಲ್ಲ ಅದರ ಸುತ್ತಲೇ ಇರುತ್ತಾರೆ. ಆಮೇಲೆ? ವಾರಕ್ಕೊಮ್ಮೆ ನೀರು ಬದಲಿಸುವವರು ಯಾರು? ಗಾಜಿಗೆ ಹಿಡಿದ ಪಾಚಿ ಉಜ್ಜುವವರು ಯಾರು? ಮಕ್ಕಳು ಶಾಲೆಗೆ, ಅವರಪ್ಪ ಕೆಲಸಕ್ಕೆ ಹೋದ ಮೇಲೆ ಕರೆಂಟ್ ಹೋಯಿತೆಂದು, ಪಂಪ್ ನಿಂತಿತೆಂದು ಓಡುವವರು ಯಾರು? ಉತ್ತರ ನಿಮಗೆ ಗೊತ್ತೇ ಇದೆ.

ಆದ್ದರಿಂದ ಸಹೋದರಿಯರೇ, ಈ ಸಲ ಹೇಳಬೇಕೆಂದಿರುವುದು ಇಷ್ಟೇ. ಯಾರ ಕೈ ಆ ನೀರಿಗೆ ಇಳಿಯಲಿದೆಯೋ ಅವರೇ ಅಳತೆ ಕೊಡಬೇಕು. ಸಿದ್ಧ ಟ್ಯಾಂಕ್ ಇಷ್ಟವಾಗದಿದ್ದರೆ ಬದಲಿಸಿ ತರಬಹುದು. ಹೇಳಿ ಮಾಡಿಸಿದ್ದನ್ನು ಸಾಮಾನ್ಯವಾಗಿ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಗಾಜು ಒಮ್ಮೆ ಕತ್ತರಿಸಿದ ಮೇಲೆ ಅದು ನಿಮ್ಮದೇ. ಯೋಚನೆ ಮಾಡಲು ಇರುವ ಸಮಯ ಕತ್ತರಿಸುವ ಮುಂಚಿನದು ಮಾತ್ರ.

ಹೇಳಿ ಮಾಡಿಸಿದ ಮೊದಲ ತೊಟ್ಟಿ

ಗಾಜಿನ ತೊಟ್ಟಿ ಗಂಡಸರ ಹವ್ಯಾಸ ಎಂದು ಯಾರಾದರೂ ಹೇಳಿದರೆ ಜಾನ್ ವಿಲ್‌ಪ್ರು ಪವರ್ ಎಂಬ ಹೆಣ್ಣುಮಗಳ ಕಥೆ ಹೇಳಿ. 1794ರಲ್ಲಿ ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ ಹುಟ್ಟಿದ ಆಕೆ ಪ್ಯಾರಿಸ್‌ಗೆ ಬಂದು ಬಟ್ಟೆ ಹೊಲಿಯುವ, ಕಸೂತಿ ಹಾಕುವ ಕೆಲಸ ಕಲಿತವಳು. 1816ರಲ್ಲಿ ನಡೆದ ಒಂದು ರಾಜಮನೆತನದ ಮದುವೆಯ ಉಡುಪಿನಿಂದ ಹೆಸರಾದಳು. ಮದುವೆಯಾಗಿ ಇಟಲಿಯ ಸಿಸಿಲಿ ದ್ವೀಪಕ್ಕೆ ಹೋದ ಮೇಲೆ ಅಲ್ಲಿನ ಕಡಲ ಜೀವಿಗಳನ್ನು ತಾನೇ ಕಲಿಯತೊಡಗಿದಳು.

ಅಲ್ಲಿನ ಕಡಲಿನಲ್ಲಿ ಆರ್ಗೊನಾಟ್ ಎಂಬ, ಆಕ್ಟೋಪಸ್ ಜಾತಿಯ ಪ್ರಾಣಿಯೊಂದಿದೆ. ಕಾಗದದಷ್ಟು ತೆಳ್ಳಗಿನ ಚಿಪ್ಪಿನಲ್ಲಿ ಅದು ವಾಸಿಸುತ್ತದೆ. ಆ ಚಿಪ್ಪನ್ನು ಅದು ತಾನೇ ಮಾಡಿಕೊಳ್ಳುತ್ತದೆಯೇ, ಬೇರೆ ಪ್ರಾಣಿ ಬಿಟ್ಟುಹೋದ ಚಿಪ್ಪಿನೊಳಗೆ ಹೊಕ್ಕಿಕೊಳ್ಳುತ್ತದೆಯೇ ಎಂದು ವಿದ್ವಾಂಸರು ವಾದಿಸುತ್ತಿದ್ದರು. ಸತ್ತ ಪ್ರಾಣಿಯನ್ನು ನೋಡಿದರೆ ಇದು ತಿಳಿಯುವುದಿಲ್ಲ, ಬದುಕಿದ್ದನ್ನು ದಿನವೂ ನೋಡಬೇಕು. ಅದಕ್ಕಾಗಿ ಆಕೆ 1832ರ ಸುಮಾರಿಗೆ ಗಾಜಿನ ತೊಟ್ಟಿಯನ್ನು ಸಿದ್ಧಪಡಿಸಿಕೊಂಡಳು. ಕಡಲೊಳಗೆ ಇಳಿಸುವ ಪಂಜರಗಳನ್ನೂ ರೂಪಿಸಿದಳು. ಚಿಪ್ಪು ಆ ಪ್ರಾಣಿಯ ಸ್ವಂತದ್ದೇ ಎಂದು ತೋರಿಸಿಕೊಟ್ಟಳು. ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೆದದ್ದು 1853ರಲ್ಲಿ. ‘ಅಕ್ವೇರಿಯಂ’ ಎಂಬ ಹೆಸರು ಮನೆಮಾತಾದದ್ದು 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ. ಆ ಹೊತ್ತಿಗೆ ಈ ಹೆಣ್ಣುಮಗಳ ಕೆಲಸ ನಡೆದು ಇಪ್ಪತ್ತು ವರ್ಷಗಳಾಗಿದ್ದವು.

ಆಕೆಯ ಕೆಲಸದಲ್ಲಿ ನಮಗೊಂದು ಪಾಠವಿದೆ. ಒಳಗೆ ಯಾವ ಜೀವ ಇರಬೇಕು, ಅದಕ್ಕೇನು ಬೇಕು ಎಂದು ಆಕೆ ಮೊದಲು ಯೋಚಿಸಿದಳು. ತೊಟ್ಟಿ ಆಮೇಲೆ ಬಂತು. ನಾವು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತೇವೆ.

ಮೊದಲು ಮೀನು, ಆಮೇಲೆ ಗಾಜು

ಅಂಗಡಿಯಲ್ಲಿ ಬೆರಳುದ್ದ ಕಾಣುವ ಮೀನು ಬೆರಳುದ್ದವೇ ಉಳಿಯುತ್ತದೆಂದು ನಂಬಬೇಡಿ. ಗಪ್ಪಿ, ನಿಯಾನ್ ಟೆಟ್ರಾದಂತಹವು ದೊಡ್ಡವಾದರೂ ಒಂದೂವರೆ ಎರಡು ಇಂಚು. ಗೋಲ್ಡ್ ಫಿಶ್ ಹಾಗಲ್ಲ, ಚೆನ್ನಾಗಿ ಸಾಕಿದರೆ ಅಂಗೈಗಿಂತ ದೊಡ್ಡದಾಗುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಆಸ್ಕರ್ ಮೀನು ಒಂದು ಅಡಿಯಷ್ಟು ಬೆಳೆಯುತ್ತದೆ. ಶ್ರೀಮಂತಿಕೆಯ ಗುರುತೆಂದು ಕೆಲವರು ತರುವ ಸಿಲ್ವರ್ ಅರೋವಾನ ಎರಡೂವರೆ ಮೂರು ಅಡಿ ಉದ್ದವಾಗುತ್ತದೆ. ಅದು ಸಲೀಸಾಗಿ ತಿರುಗಬೇಕಾದರೆ ತೊಟ್ಟಿಯ ಅಗಲವೇ ಎರಡೂವರೆ ಮೂರು ಅಡಿ ಬೇಕು. ಒಂದೂವರೆ ಅಡಿ ಅಗಲದ ತೊಟ್ಟಿಯಲ್ಲಿ ಅದನ್ನು ಇಡುವುದೆಂದರೆ ಮನುಷ್ಯನನ್ನು ಕಪಾಟಿನಲ್ಲಿ ಇಟ್ಟ ಹಾಗೆ.

“ಇದೊಂದು ಹಾಕಿ, ಟ್ಯಾಂಕ್ ತಾನೇ ಕ್ಲೀನ್ ಮಾಡುತ್ತದೆ” ಎಂದು ಹೇಳಿ ಮಾರುವ ಕಪ್ಪು ಮೀನೂ ಒಂದಿದೆ. ಬಾಯಿಯಿಂದ ಗಾಜಿಗೆ ಅಂಟಿಕೊಳ್ಳುವ ಆ ಸಕ್ಕರ್ ಮೀನು ಒಂದು ಅಡಿ ದಾಟಿ ಬೆಳೆಯುತ್ತದೆ. ಆಗ ಜನ ಅದನ್ನು ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಹೀಗೆಯೇ ನಮ್ಮ ದೇಶದ ಹಲವು ಕೆರೆ-ನದಿಗಳನ್ನು ಸೇರಿ, ಊರಿನ ಮೀನುಗಳಿಗೂ ಮೀನುಗಾರರ ಬಲೆಗೂ ಉಪದ್ರವವಾಗಿದೆ. ಸಾಕಲಾಗದ ಮೀನನ್ನು ಅಂಗಡಿಗೆ ಅಥವಾ ಸಾಕುವವರಿಗೆ ಕೊಡಿ, ಕೆರೆಗೆ ಮಾತ್ರ ಬಿಡಬೇಡಿ.

ಆದ್ದರಿಂದ ಮಕ್ಕಳನ್ನು ಕೂರಿಸಿಕೊಂಡು ಯಾವ ಮೀನು, ಎಷ್ಟು ಮೀನು, ಅದು ಪೂರ್ತಿ ಬೆಳೆದರೆ ಎಷ್ಟುದ್ದ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ತೊಟ್ಟಿಯ ಅಳತೆ ಆ ಹಾಳೆಯಿಂದ ಹುಟ್ಟಬೇಕು. ಗೋಡೆಯ ಖಾಲಿ ಜಾಗದಿಂದಲ್ಲ.

ನೀರಿಗೂ ತೂಕವಿದೆ

ಈಗ ಸ್ವಲ್ಪ ಲೆಕ್ಕ ಮಾಡೋಣ. ಕೊಡ ಹೊತ್ತ ನಿಮಗೆ ನೀರಿನ ತೂಕದ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳಿ. ಹಾಲ್‌ಗೆ ಹೆಚ್ಚಿನವರು ಹೇಳುವ ಅಳತೆ ಇದೇ. ಇದರ ಹೊರ ಅಳತೆ 9 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್‌ಗಿಂತ ತುಸು ಹೆಚ್ಚು. ಅಂದರೆ ಲೆಕ್ಕಕ್ಕೆ ಸುಮಾರು 255 ಲೀಟರ್. ಗಾಜಿನ ದಪ್ಪ ಕಳೆದು, ಮೇಲೆ ಎರಡು ಇಂಚು ಖಾಲಿ ಬಿಟ್ಟರೆ ನಿಜವಾಗಿ ಹಿಡಿಯುವ ನೀರು 200 ಲೀಟರ್ ಆಸುಪಾಸು. 10 ಎಂ.ಎಂ. ಗಾಜಿನದೇ ತೂಕ 50 ಕಿಲೋ. ತಳಕ್ಕೆ ಹಾಕುವ ಜಲ್ಲಿಕಲ್ಲು, ಕೆಳಗಿನ ಸ್ಟ್ಯಾಂಡ್ ಎಲ್ಲ ಸೇರಿದರೆ 300 ಕಿಲೋ ದಾಟುತ್ತದೆ. ಐವತ್ತು ಕಿಲೋದ ಆರು ಅಕ್ಕಿ ಮೂಟೆಗಳನ್ನು ಆರು ಚದರ ಅಡಿ ಜಾಗದಲ್ಲಿ ಒಂದರ ಮೇಲೊಂದು ಒಟ್ಟಿದ ಹಾಗೆ.

ವಾಸದ ಕೋಣೆಯ ನೆಲವನ್ನು ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆಂದು ಲೆಕ್ಕ ಹಾಕಿ ಕಟ್ಟಬೇಕೆಂಬುದು ನಮ್ಮ ದೇಶದ ಮಾನಕ. ಅದು ಇಡೀ ಕೋಣೆಗೆ ಹರಡಿದ ಭಾರದ ಲೆಕ್ಕ. ಆದ್ದರಿಂದ ನಾಲ್ಕು ಅಡಿಯ ತೊಟ್ಟಿಯನ್ನು ಗೋಡೆಗೆ ಒತ್ತಿ, ತೊಲೆಯ ಹತ್ತಿರ ಇಟ್ಟರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಅದಕ್ಕಿಂತ ದೊಡ್ಡದಾದರೆ, ಮೇಲಿನ ಮಹಡಿಯಾದರೆ, ಗೋಡೆಯಿಂದ ಹೊರಚಾಚಿದ ಬಾಲ್ಕನಿಯಾದರೆ ಮನೆ ಕಟ್ಟಿದ ಎಂಜಿನಿಯರರನ್ನು ಒಂದು ಮಾತು ಕೇಳಿ. ಹಳೆಯ ಹಂಚಿನ ಮನೆಯ ಮರದ ಹಲಗೆಯ ಮಹಡಿಯ ಮೇಲಂತೂ ದೊಡ್ಡ ತೊಟ್ಟಿಯ ಆಸೆಯನ್ನೇ ಬಿಡಿ.

ಎತ್ತರದ ಆಸೆ

ಅಳತೆ ಕೊಡುವಾಗ ಹೆಚ್ಚಿನವರು ಎಡವುವುದು ಎತ್ತರದಲ್ಲಿ. “ಒಂದೂವರೆ ಅಡಿ ಯಾಕೆ, ಎರಡಡಿ ಇರಲಿ, ನೋಡಲು ಚೆಂದ” ಎಂದುಬಿಡುತ್ತಾರೆ. ಅರ್ಧ ಅಡಿಯಲ್ಲೇನು ಮಹಾ ಎನಿಸುತ್ತದೆ.

ನೀರು ಗಾಜನ್ನು ಒಳಗಿನಿಂದ ದೂಡುತ್ತಲೇ ಇರುತ್ತದೆ. ಆ ಒತ್ತಡ ಆಳ ಹೆಚ್ಚಿದಂತೆ ಹೆಚ್ಚುತ್ತದೆ. ನಾಲ್ಕು ಅಡಿ ಉದ್ದದ ತೊಟ್ಟಿಯನ್ನು ಬಾಯಿವರೆಗೆ ತುಂಬಿದಾಗ, ಎತ್ತರ ಒಂದೂವರೆ ಅಡಿಯಾದರೆ ಮುಂದಿನ ಗಾಜಿನ ಮೇಲೆ ಬೀಳುವ ಒಟ್ಟು ಬಲ ಸುಮಾರು 125 ಕಿಲೋ ತೂಕದಷ್ಟು. ಎರಡಡಿ ಎತ್ತರವಾದರೆ ಅದು ಸುಮಾರು 225 ಕಿಲೋ. ಎತ್ತರ ಹೆಚ್ಚಿದ್ದು ಮೂರನೇ ಒಂದು ಭಾಗ ಮಾತ್ರ, ಬಲ ಮುಕ್ಕಾಲು ಪಾಲಿನಷ್ಟು ಹೆಚ್ಚಿತು. ಆದ್ದರಿಂದಲೇ ಎತ್ತರಕ್ಕೆ ತಕ್ಕಂತೆ ಗಾಜು ದಪ್ಪವಾಗಬೇಕು. ಎರಡಡಿ ಉದ್ದ, ಒಂದಡಿ ಎತ್ತರದ ಪುಟ್ಟ ತೊಟ್ಟಿಗೆ 6 ಎಂ.ಎಂ. ಸಾಕು. ಮೂರು ಅಡಿ ಉದ್ದ, ಒಂದೂವರೆ ಅಡಿ ಎತ್ತರಕ್ಕೆ 8 ಎಂ.ಎಂ. ನಾಲ್ಕು ಅಡಿಗೆ 10. ಎತ್ತರ ಎರಡಡಿಗೆ ಏರಿದರೆ 12.

ಇನ್ನೊಂದು ಸಂಗತಿ ಕೇಳಿ. ತೊಟ್ಟಿಯನ್ನು ಹಿಂದಕ್ಕೆ ಅಗಲ ಮಾಡಿದರೆ ಮುಂದಿನ ಗಾಜಿನ ಮೇಲಿನ ಒತ್ತಡ ಒಂದಿಷ್ಟೂ ಹೆಚ್ಚುವುದಿಲ್ಲ. ಮೀನಿಗೂ ಅಗಲವೇ ಇಷ್ಟ. ತಿರುಗಾಡಲು ಜಾಗ ಸಿಗುತ್ತದೆ. ನೀರಿನ ಮೇಲ್ಮೈ ದೊಡ್ಡದಾಗಿ ಗಾಳಿಯ ಸಂಪರ್ಕ ಹೆಚ್ಚುತ್ತದೆ. ಎತ್ತರಕ್ಕೆ ಹಾಕಬೇಕೆಂದಿದ್ದ ಅರ್ಧ ಅಡಿಯನ್ನು ಅಗಲಕ್ಕೆ ಹಾಕಿ ನೋಡಿ. ನೆಲದ ಮೇಲಿನ ಭಾರ ಮಾತ್ರ ಹೆಚ್ಚುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗ ನಿಮ್ಮ ಕೈಯ ವಿಷಯ. ಎರಡೂವರೆ ಅಡಿ ಎತ್ತರದ ಸ್ಟ್ಯಾಂಡ್, ಅದರ ಮೇಲೆ ಎರಡಡಿ ತೊಟ್ಟಿ ಎಂದರೆ ಅಂಚು ನೆಲದಿಂದ ನಾಲ್ಕೂವರೆ ಅಡಿ ಮೇಲಿರುತ್ತದೆ. ಐದಡಿ ಎತ್ತರದ ಗೃಹಿಣಿಗೆ ಅದು ಹೆಗಲ ಮಟ್ಟಕ್ಕಿಂತ ಮೇಲೆ. ತಳದ ಮೂಲೆಯ ಕಸ ತೆಗೆಯಲು ಆಕೆ ಸ್ಟೂಲ್ ಹತ್ತಿ, ಒದ್ದೆ ಕೈಯಲ್ಲಿ, ಬಲ್ಬಿನ ವೈರ್ ಪಕ್ಕದಲ್ಲಿ ಬಗ್ಗಬೇಕು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಅಲ್ಲಿರುವ ಯಾರೂ ಅದನ್ನು ತೊಳೆಯುವವರಲ್ಲ. ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ. ಗೋಡೆಯ ಮೇಲೆ ಸ್ಟ್ಯಾಂಡಿನ ಎತ್ತರಕ್ಕೊಂದು, ತೊಟ್ಟಿಯ ಅಂಚಿಗೊಂದು ಪೆನ್ಸಿಲ್ ಗೆರೆ ಎಳೆಯಿರಿ. ಮೇಲಿನ ಗೆರೆಯಿಂದ ಕೈ ಇಳಿಸಿದರೆ ಕೆಳಗಿನ ಗೆರೆ ಮುಟ್ಟುತ್ತದೆಯೇ? ಮುಟ್ಟದಿದ್ದರೆ ಆ ಅಳತೆ ನಿಮ್ಮ ಮನೆಯದ್ದಲ್ಲ.

ಗಾಜು ಮತ್ತು ಅಂಟು

“ಏನೂ ಆಗಲ್ಲ ಅಕ್ಕಾ, ಎಂಟು ಎಂ.ಎಂ. ಸಾಕು. ನಾವು ಎಷ್ಟೋ ಕೊಟ್ಟಿದ್ದೇವೆ” ಎಂದು ತಯಾರಿಸುವವರು ಹೇಳಬಹುದು. ಆಗ ಸಿಟ್ಟಾಗಬೇಡಿ, ಮೆತ್ತಗೂ ಆಗಬೇಡಿ. “ಆಗಲಿ ಅಣ್ಣಾ, ಇದೇ ಅಳತೆಯದ್ದು ಎರಡು ಮೂರು ವರ್ಷದ ಹಿಂದೆ ಕೊಟ್ಟದ್ದು ಎಲ್ಲಿದೆ ಹೇಳಿ, ನೋಡಿ ಬರುತ್ತೇವೆ” ಎನ್ನಿ. ಒಳ್ಳೆಯ ಕೆಲಸಗಾರ ಸಂತೋಷದಿಂದ ತೋರಿಸುತ್ತಾನೆ. ಹೊಸ ತೊಟ್ಟಿ ಎಲ್ಲರದ್ದೂ ಹೊಳೆಯುತ್ತದೆ. ಕೆಲಸದ ಗುಣ ತಿಳಿಯುವುದು ಮೂರು ವರ್ಷ ನೀರು ಹೊತ್ತು ನಿಂತದ್ದರಲ್ಲಿ.

ಗಾಜಿನಲ್ಲಿ ಮೂರು ಬಗೆ ಕೇಳಿಬರುತ್ತದೆ. ಸಾದಾ ಗಾಜಿಗೆ ಅಂಚಿನಲ್ಲಿ ಹಸಿರು ಛಾಯೆ ಇರುತ್ತದೆ. ಮನೆಗೆ ಅದು ಧಾರಾಳವಾಗಿ ಸಾಕು. ಕಬ್ಬಿಣದ ಅಂಶ ಕಡಿಮೆಯಿರುವ ತಿಳಿಗಾಜು ಇನ್ನೂ ಸ್ವಚ್ಛವಾಗಿ ಕಾಣುತ್ತದೆ, ಬೆಲೆ ಹೆಚ್ಚು. ಮೂರನೆಯದು ಟಫನ್ಡ್ ಗಾಜು. ಅದು ಬಲವಾದದ್ದು ನಿಜ, ಆದರೆ ಒಡೆದರೆ ಒಂದೇ ಸಲಕ್ಕೆ ಕಾಳು ಕಾಳಾಗಿ ಉದುರಿಬಿಡುತ್ತದೆ. ಒಮ್ಮೆ ಟಫನ್ಡ್ ಮಾಡಿದ ಮೇಲೆ ಅದನ್ನು ಕತ್ತರಿಸಲಾಗದು, ತೂತು ಕೊರೆಯಲಾಗದು. ಪೈಪಿಗೆ ತೂತು ಬೇಕಿದ್ದರೆ ಮೊದಲೇ ಹೇಳಬೇಕು. ಯಾವ ಗಾಜಾದರೂ ಅಂಚುಗಳನ್ನು ಪಾಲಿಶ್ ಮಾಡಿ ಕೊಡಲು ಹೇಳಿ. ಅಂಚಿಗೆ ಮಕ್ಕಳ ಕೈ ತಾಗದೆ ಇರುವುದಿಲ್ಲ.

ಹಿಂದೆ ತೊಟ್ಟಿಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಗಾಜು ಕೂರಿಸಿ ಪುಟ್ಟಿ ಹಚ್ಚಿ ಮಾಡುತ್ತಿದ್ದರು. ಈಗ ಗಾಜಿಗೆ ಗಾಜನ್ನು ಸಿಲಿಕೋನ್ ಅಂಟಿನಿಂದಲೇ ಸೇರಿಸುತ್ತಾರೆ. ಇಡೀ ಭಾರ ಆ ಅಂಟನ್ನು ನಂಬಿ ನಿಂತಿರುತ್ತದೆ. ಬಾತ್‌ರೂಮಿಗೆ ಹಚ್ಚುವ ಸಿಲಿಕೋನ್‌ಗಳಲ್ಲಿ ಬೂಸು ಹಿಡಿಯದಂತೆ ಔಷಧಿ ಬೆರೆಸಿರುತ್ತಾರೆ, ಅದು ಮೀನಿಗೆ ವಿಷ. ಅಕ್ವೇರಿಯಂಗೆಂದೇ ಇರುವ ಅಂಟನ್ನು ಬಳಸಬೇಕು. ಟ್ಯೂಬಿನ ಮೇಲೆ ಏನು ಬರೆದಿದೆ ಎಂದು ನೀವೇ ಓದಿ ನೋಡಿ. ಸಂದುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಗುಳ್ಳೆ, ಬಿಳಿ ಕಲೆ ಕಾಣಬಾರದು. ಅಂಟು ಪೂರ್ತಿ ಗಟ್ಟಿಯಾಗಲು ಸಮಯ ಬೇಕು. ಹಸಿ ಅಂಟಿಗೆ ವಿನೆಗರ್‌ನಂತಹ ಹುಳಿ ವಾಸನೆ ಇರುತ್ತದೆ. ಆ ವಾಸನೆ ಇನ್ನೂ ಬರುತ್ತಿದ್ದರೆ ನೀರು ತುಂಬಿಸಬಾರದು. ಒಂದು ವಾರ ಬಿಡುವುದು ಕ್ಷೇಮ. “ನಾಳೆಯೇ ಬೇಕು” ಎಂದು ಒತ್ತಾಯಿಸಿದರೆ ನಷ್ಟ ನಮಗೇ. ಮನೆಯಲ್ಲಿ ಸಮಾರಂಭವಿದ್ದರೆ ಒಂದು ತಿಂಗಳು ಮೊದಲೇ ಆರ್ಡರ್ ಕೊಡಿ.

ಮೂರು ಅಡಿಗಿಂತ ಉದ್ದದ ತೊಟ್ಟಿಗೆ ಮೇಲ್ಭಾಗದಲ್ಲಿ ಗಾಜಿನ ಅಡ್ಡಪಟ್ಟಿಗಳನ್ನು ಹಾಕಿಸಿ. ಉದ್ದದ ಗಾಜು ನಡುವೆ ಹೊರಕ್ಕೆ ಉಬ್ಬದಂತೆ ಅವು ಹಿಡಿದಿಡುತ್ತವೆ. ಅಂದಕ್ಕಾಗಿ ಅವನ್ನು ಬಿಡಿಸಬೇಡಿ. ಮುಚ್ಚಳವನ್ನೂ ಮಾಡಿಸಿಕೊಳ್ಳಿ. ಕೆಲವು ಮೀನುಗಳು ಹಾರುತ್ತವೆ, ಮನೆಯಲ್ಲಿ ಬೆಕ್ಕಿದ್ದರಂತೂ ಹೇಳುವುದೇ ಬೇಡ.

ಗಾಬರಿಗೊಳಿಸಲು ಹೇಳುತ್ತಿಲ್ಲ, ಆದರೆ ನೀರಿನ ಭಾರವನ್ನು ಯಾರೂ ಹಗುರವಾಗಿ ಕಾಣಬಾರದು. ಜರ್ಮನಿಯ ಬರ್ಲಿನ್ ನಗರದಲ್ಲಿ ಹೋಟೆಲೊಂದರ ಒಳಗೆ ಆಕ್ವಾಡೋಮ್ ಎಂಬ ದೈತ್ಯ ತೊಟ್ಟಿಯಿತ್ತು. ಗಾಜಿನ ಬದಲು ದಪ್ಪ ಅಕ್ರಿಲಿಕ್‌ನಲ್ಲಿ ಮಾಡಿದ್ದು. 2022ರ ಡಿಸೆಂಬರ್ 16ರ ಮುಂಜಾನೆ ಅದು ಒಮ್ಮೆಲೇ ಒಡೆಯಿತು. 10 ಲಕ್ಷ ಲೀಟರ್ ನೀರು ರಸ್ತೆಗೆ ನುಗ್ಗಿತು. ಸುಮಾರು 1,500 ಮೀನುಗಳಲ್ಲಿ ಹೆಚ್ಚಿನವು ಸತ್ತವು. ಬೆಳಗಿನ ಜಾವವಾದ್ದರಿಂದ ಜನ ಇರಲಿಲ್ಲ, ಇಬ್ಬರಿಗೆ ಗಾಯವಾಯಿತಷ್ಟೇ. ನಮ್ಮ ಹಾಲ್‌ನ ತೊಟ್ಟಿ ಅದರ ಐದು ಸಾವಿರದಲ್ಲಿ ಒಂದು ಪಾಲು. ಆದರೆ ಅದರ ಮುಂದೆ ನೆಲದ ಮೇಲೆ ಕುಳಿತು ಆಡುವುದು ನಮ್ಮ ಮಕ್ಕಳು.

ಬಾಗಿಲು ದಾಟುತ್ತದೆಯೇ?

ತೊಟ್ಟಿ ಇಡುವ ಜಾಗ ಅಳೆದವರು ಅದು ಬರುವ ದಾರಿ ಅಳೆಯಲು ಮರೆಯುತ್ತಾರೆ. ಗೇಟು, ಮುಂಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟ್ ಎಲ್ಲವನ್ನೂ ಟೇಪ್ ಹಿಡಿದು ಅಳೆಯಿರಿ. ನೇರ ಹೋಗುವ ತೊಟ್ಟಿ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ದಾರಿ ಇಕ್ಕಟ್ಟಾದರೆ ಗಾಜುಗಳನ್ನು ತಂದು ಮನೆಯಲ್ಲೇ ಜೋಡಿಸಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ.

ಇಡುವ ಜಾಗಕ್ಕೆ ನೇರ ಬಿಸಿಲು ಬೀಳಬಾರದು, ಬಿದ್ದರೆ ಪಾಚಿ ಬೆಳೆಯುತ್ತದೆ. ನಲ್ಲಿಯಿಂದ, ಬಾತ್‌ರೂಮಿನಿಂದ ಎಷ್ಟು ದೂರವಿದೆ ಎಂದೂ ನೋಡಿ. 200 ಲೀಟರ್ ತೊಟ್ಟಿಯಲ್ಲಿ ವಾರಕ್ಕೆ ಕಾಲು ಭಾಗ ನೀರು ಬದಲಿಸುವುದೆಂದರೆ 50 ಲೀಟರ್ ಹೊರಕ್ಕೆ, 50 ಲೀಟರ್ ಒಳಕ್ಕೆ. ಮೂರು ಮೂರು ಬಕೆಟ್. ನಲ್ಲಿ ದೂರವಿದ್ದರೆ ನಿಮ್ಮ ಸೊಂಟ ಉಳಿಯುವುದಿಲ್ಲ. ತೆಗೆದ ನೀರನ್ನು ಚೆಲ್ಲಬೇಡಿ, ಮಲ್ಲಿಗೆ ಗಿಡಕ್ಕೂ ಕರಿಬೇವಿಗೂ ಅದು ಒಳ್ಳೆಯ ಗೊಬ್ಬರ.

ಸ್ಟ್ಯಾಂಡ್ ಅಲುಗಾಡಬಾರದು. ರಸಮಟ್ಟ ಇಟ್ಟು ನಾಲ್ಕೂ ದಿಕ್ಕಿಗೆ ಸಮವಾಗಿದೆಯೇ ಎಂದು ನೋಡಿ. ಒಂದು ಮೂಲೆ ತಗ್ಗಿದರೂ ಗಾಜಿನ ಮೇಲೆ ಒತ್ತಡ ಒಂದೇ ಕಡೆ ಬೀಳುತ್ತದೆ. ಸಾದಾ ಗಾಜಿನ ತಳದ ಕೆಳಗೆ ಅರ್ಧ ಇಂಚಿನ ಥರ್ಮೋಕೋಲ್ ಹಾಳೆ ಹಾಸಿದರೆ ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ಅದು ನುಂಗಿಕೊಳ್ಳುತ್ತದೆ. ಮರಳಿನ ಒಂದು ಕಾಳು ಕೆಳಗೆ ಸಿಕ್ಕಿಕೊಂಡರೂ ಗಾಜು ಬಿರಿಯಬಹುದು.

ಬಾಯಿಮಾತು ಬೇಡ, ಬರಹವಿರಲಿ

“ನಮ್ಮ ಪರಿಚಯದವರೇ, ಬರೆಸಿಕೊಳ್ಳುವುದೇನು” ಎಂಬ ಸಂಕೋಚ ನಮ್ಮಲ್ಲಿ ಹೆಚ್ಚು. ಬರೆದಿಟ್ಟರೆ ಸಂಬಂಧ ಕೆಡುವುದಿಲ್ಲ. ಬರೆಯದೆ ಇದ್ದಾಗಲೇ “ನೀವು ಹೇಳಿದ್ದು ಹಾಗಲ್ಲ” ಎಂಬ ಜಗಳ ಹುಟ್ಟುವುದು. ಆರ್ಡರ್ ಹಾಳೆಯಲ್ಲಿ ಇಷ್ಟು ಇರಲಿ.

ಉದ್ದ, ಅಗಲ, ಎತ್ತರ ಎಷ್ಟು, ಅದು ಹೊರ ಅಳತೆಯೋ ಒಳ ಅಳತೆಯೋ. ಗೂಡಿನೊಳಗೆ ಕೂರಿಸುವುದಾದರೆ ಹೊರ ಅಳತೆಯೇ ಬೇಕು, ಮತ್ತು ಕೈ ಹೋಗಲು ಮೇಲೆ ಒಂದಡಿಯಾದರೂ ಜಾಗ ಉಳಿಯಬೇಕು. ಅಳತೆ ಅಡಿಯಲ್ಲೋ ಸೆಂಟಿಮೀಟರಿನಲ್ಲೋ ಎಂದು ಸ್ಪಷ್ಟವಾಗಿ ಬರೆಯಿರಿ. ಪ್ರತಿ ಗಾಜಿನ ದಪ್ಪ, ತಳದ ಗಾಜಿನದ್ದು ಬೇರೆಯಾಗಿ. ಗಾಜಿನ ಬಗೆ. ಅಂಟಿನ ಹೆಸರು, ಬಣ್ಣ. ಅಡ್ಡಪಟ್ಟಿ, ಮುಚ್ಚಳ, ತೂತುಗಳ ಜಾಗ. ಸ್ಟ್ಯಾಂಡ್ ಸೇರಿದೆಯೋ ಇಲ್ಲವೋ. ಸಾಗಾಟ, ಹೊತ್ತು ಮೇಲಕ್ಕೆ ತರುವ ಕೂಲಿ, ತೆರಿಗೆ ಎಲ್ಲ ಸೇರಿ ಒಟ್ಟು ಬೆಲೆ. ಕೊಡುವ ತಾರೀಕು. ಸೋರಿದರೆ ಎಷ್ಟು ಕಾಲದವರೆಗೆ ಉಚಿತವಾಗಿ ಸರಿಪಡಿಸುತ್ತಾರೆ ಎಂಬುದು.

ಪೂರ್ತಿ ಹಣವನ್ನು ಮೊದಲೇ ಕೊಡಬೇಡಿ. ಅರ್ಧ ಮುಂಗಡ, ಅರ್ಧ ಸೋರಿಕೆ ಪರೀಕ್ಷೆಯ ನಂತರ ಎಂದು ಮಾತಾಡಿ. ಮುಂಗಡಕ್ಕೂ ರಶೀದಿ ತೆಗೆದುಕೊಳ್ಳಿ. ಕೆಲಸಗಾರನಿಗೂ ಇದು ನ್ಯಾಯವೇ. ನಾವು ಆಮೇಲೆ ಅಳತೆ ಬದಲಿಸಿ ಅವನ ಗಾಜನ್ನು ಹಾಳು ಮಾಡದಂತೆ ಆ ಹಾಳೆ ಅವನನ್ನೂ ಕಾಯುತ್ತದೆ. ಹೇಳಿದಂತೆ ಮಾಡಿಕೊಟ್ಟರೆ ಉಳಿದ ಹಣವನ್ನು ಅವನು ಎರಡನೇ ಸಲ ಕೇಳುವಂತೆ ಮಾಡಬೇಡಿ. ಒಂದು ವೇಳೆ ಮೋಸವಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಅಲ್ಲಿ ಬಿಲ್ಲು, ರಶೀದಿಗಳೇ ನಿಮ್ಮ ಸಾಕ್ಷಿ.

ಪರೀಕ್ಷೆ ಎರಡು ಸಲ

ಮೊದಲ ಪರೀಕ್ಷೆ ತಯಾರಿಸಿದ ಜಾಗದಲ್ಲೇ ಆಗಬೇಕು. ಪೂರ್ತಿ ನೀರು ತುಂಬಿಸಿ ಒಂದೆರಡು ದಿನ ಬಿಡಲು ಹೇಳಿ, ಹೋಗಿ ನೋಡಿ. ಸಂದುಗಳ ಕೆಳಗೆ ಒಣಗಿದ ಕಾಗದ ಎಳೆದರೆ ಒಂದು ಹನಿ ಸೋರಿದ್ದರೂ ಗೊತ್ತಾಗುತ್ತದೆ. ಎರಡನೆಯದು ಮನೆಗೆ ಬಂದ ಮೇಲೆ, ಅದರ ಜಾಗದಲ್ಲೇ ಇಟ್ಟು. ದಾರಿಯಲ್ಲಿ ಕುಲುಕಿ ಸಂದು ಸಡಿಲಾಗಿರಬಹುದು. ಕಲ್ಲು, ಗಿಡ ಏನನ್ನೂ ಹಾಕದೆ ಬರೀ ನೀರು ತುಂಬಿಸಿ ಮತ್ತೊಂದು ದಿನ ಬಿಡಿ. ನೀರಿರುವ ತೊಟ್ಟಿಯನ್ನು, ಅರ್ಧ ನೀರಿದ್ದರೂ ಸರಿ, ಎಂದೂ ಸರಿಸಬೇಡಿ, ಎತ್ತಬೇಡಿ. ಖಾಲಿಯಾಗಿದ್ದಾಗಲೂ ಅಡ್ಡಪಟ್ಟಿ ಹಿಡಿದು ಎತ್ತದೆ ತಳಕ್ಕೆ ಕೈ ಕೊಟ್ಟು ಎತ್ತಿ.

ವಿದ್ಯುತ್ತಿನ ವಿಷಯದಲ್ಲಿ ರಾಜಿ ಬೇಡ. ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಇರಬೇಕು. ಸೋರಿಕೆಯಾದರೆ ಕರೆಂಟ್ ಕಡಿಯುವ ಆರ್.ಸಿ.ಸಿ.ಬಿ. ಇಲ್ಲದಿದ್ದರೆ ಹಾಕಿಸಿಕೊಳ್ಳಿ. ವೈರ್ ತೊಟ್ಟಿಯಿಂದ ನೇರವಾಗಿ ಪ್ಲಗ್ಗಿಗೆ ಹೋಗದೆ, ಒಮ್ಮೆ ಕೆಳಗೆ ಜೋತು ಬಿದ್ದು ಮೇಲೆ ಏರಲಿ. ಆಗ ವೈರ್ ಹಿಡಿದು ಬಂದ ನೀರು ಅಲ್ಲೇ ಹನಿಯುತ್ತದೆ, ಪ್ಲಗ್ ಸೇರುವುದಿಲ್ಲ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತುಬಿಡಿ. ಮಕ್ಕಳಿಗೂ ಇದನ್ನೇ ಕಲಿಸಿ.

ಮೀನಿಗೆ ಅವಸರವಿಲ್ಲ

ತೊಟ್ಟಿ ಸಿದ್ಧವಾದ ಸಂಜೆಯೇ ಇಪ್ಪತ್ತು ಮೀನು ತಂದು ಬಿಡುವುದು, ವಾರದೊಳಗೆ ಒಂದೊಂದೇ ತೇಲುವುದು, ಮಕ್ಕಳು ಅಳುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಮೀನಿನ ಹೊಲಸಿನಿಂದ, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಉಂಟಾಗುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಆ ಸೂಕ್ಷ್ಮಜೀವಿಗಳು ಇರುವುದಿಲ್ಲ. ಅವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಫಿಲ್ಟರ್ ಓಡಿಸುತ್ತಾ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಕಾಯಬೇಕು. ಆಮೇಲೆ ಎರಡು ಮೂರು ಗಟ್ಟಿ ಮೀನು, ಹದಿನೈದು ದಿನ ಬಿಟ್ಟು ಇನ್ನೆರಡು. ಮೊಸರಿಗೆ ಹೆಪ್ಪು ಹಾಕಿ ಗಳಿಗೆಗೊಮ್ಮೆ ಅಲ್ಲಾಡಿಸಿ ನೋಡುವವರಿಗೆ ಗಟ್ಟಿ ಮೊಸರು ಸಿಗುವುದಿಲ್ಲವಲ್ಲ, ಇದೂ ಹಾಗೆಯೇ.

ಇನ್ನೊಂದು ಎಚ್ಚರ. ಸೊಳ್ಳೆಗೆ, ಜಿರಳೆಗೆ ಹೊಡೆಯುವ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಔಷಧಿ ಮೀನಿಗೆ ಕಡು ವಿಷ. ಗಾಳಿಯ ಪಂಪ್ ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಬಿಡುತ್ತದೆ ಎಂಬುದು ನೆನಪಿರಲಿ. ತೊಟ್ಟಿಯಿರುವ ಕೋಣೆಯಲ್ಲಿ ಸ್ಪ್ರೇ ಬೇಡ. ಗಾಜನ್ನು ಸೋಪು, ಫಿನಾಯಿಲ್ ಹಾಕಿ ತೊಳೆಯುವುದೂ ಬೇಡ. ಕೆಲಸಕ್ಕೆ ಬರುವವರಿಗೂ ಇದನ್ನು ಹೇಳಿಡಿ.

ಇಷ್ಟೆಲ್ಲ ಓದಿ “ಅಯ್ಯೋ, ಈ ಸಹವಾಸವೇ ಬೇಡ” ಎನಿಸಿದರೆ ಅದೂ ಒಳ್ಳೆಯ ತೀರ್ಮಾನವೇ. ಮಾತಿಲ್ಲದ ಜೀವಗಳನ್ನು ತಂದು ನೋಡಿಕೊಳ್ಳಲಾಗದೆ ಸಾಯಿಸುವುದಕ್ಕಿಂತ ಆ ಮೂಲೆಯಲ್ಲಿ ಒಂದು ಪುಸ್ತಕದ ಕಪಾಟು ಇಡಬಹುದು. ಇಲ್ಲ, ಬೇಕೇ ಬೇಕು ಎಂದಾದರೆ ಸಂತೋಷದಿಂದ ಮಾಡಿಸಿ. ಚಿಕ್ಕದಾಗಿ ಮಾಡಿಸಿ, ಗಟ್ಟಿಯಾಗಿ ಮಾಡಿಸಿ. ಆರ್ಡರ್ ಕೊಡುವ ದಿನ ಒಲೆ ಆರಿಸಿ, ಟೇಪು ಮತ್ತು ಹಾಳೆ ಹಿಡಿದು ನೀವೂ ಜೊತೆಗೆ ಹೋಗಿ. ವಾರಕ್ಕೊಮ್ಮೆ ನೀರು ಬದಲಿಸುವ ಕೆಲಸ ಯಾರದ್ದು, ಆಹಾರ ಹಾಕುವವರು ಯಾರು, ಗಾಜು ಉಜ್ಜುವವರು ಯಾರು ಎಂಬುದನ್ನೂ ಮಕ್ಕಳ ಮತ್ತು ಅವರಪ್ಪನ ಹೆಸರು ಹಾಕಿ ಅದೇ ಹಾಳೆಯ ಹಿಂಬದಿಯಲ್ಲಿ ಬರೆಸಿಕೊಳ್ಳಿ. ಆ ಹಾಳೆಗೆ ಎಲ್ಲರ ಸಹಿ ಬಿದ್ದ ಮೇಲೆ ಮುಂಗಡ ಕೊಡಿ.